ಸಾಲು ಹದಿನಾಲ್ಕು, ಸಂಖ್ಯೆ ಒಂಬತ್ತು

ಮಂಗಳವಾರ ಬೆಳಗಾದರೆ ಎರಿನ್ ಮಿಲ್ಸ್‌ನ ಆ ಬೀದಿಯಲ್ಲಿ ಮೊದಲು ಕೇಳುವುದು ಗಾಲಿಗಳ ಸದ್ದು. ಗಡಗಡ, ಗಡಗಡ. ಒಂದೊಂದೇ ಮನೆಯಿಂದ ಕಸದ ದೊಡ್ಡ ಡಬ್ಬಿಗಳು ಸಿಮೆಂಟಿನ ಇಳಿಜಾರಿನ ಮೇಲೆ ಉರುಳುತ್ತ ರಸ್ತೆಯ ಅಂಚಿಗೆ ಬಂದು ನಿಲ್ಲುತ್ತವೆ. ಬೇಸ್‌ಮೆಂಟಿನಲ್ಲಿ ಮಲಗಿದವರಿಗೆ ಅದು ನೆತ್ತಿಯ ಮೇಲೆ ಯಾರೋ ಬೀಸುವ ಕಲ್ಲು ತಿರುಗಿಸಿದ ಹಾಗೆ ಕೇಳುತ್ತದೆ. ಸದ್ದಿನಲ್ಲೇ ಯಾವ ಮನೆಯ ಡಬ್ಬಿ ಎಂದು ಹೇಳುವಷ್ಟು ನೀಲಗಂಗವ್ವನಿಗೆ ಅದು ಪರಿಚಯ. ಎದುರು ಮನೆಯದು ಅರ್ಧ ಖಾಲಿ, ಕುಣಿಯುತ್ತ ಬರುತ್ತದೆ. ಮೂಲೆ ಮನೆಯದಕ್ಕೆ ಒಂದು ಗಾಲಿ ಸೊಟ್ಟ. ತಮ್ಮ ಮನೆಯದು ಮಾತ್ರ ಸದ್ದೇ ಮಾಡುತ್ತಿರಲಿಲ್ಲ. ಗಂಡ ಶಿವಲಿಂಗಪ್ಪ ಡಬ್ಬಿಯನ್ನು ತುಸು ಎತ್ತಿ ಹಿಡಿದು, ಮಲಗಿದ ಕೂಸನ್ನು ಒಯ್ಯುವವನ ಹಾಗೆ ಒಯ್ಯುತ್ತಿದ್ದ. ಮೇಲಿನ ಮನೆಯ ಪಂಜಾಬಿ ಮಾಲೀಕರು ಬೇಡವೆಂದರೂ ಕೇಳದೆ, ಬಾಡಿಗೆಗೆ ಬಂದ ಮೊದಲ ವಾರದಿಂದಲೇ ಅದನ್ನು ತನ್ನ ಕೆಲಸ ಮಾಡಿಕೊಂಡಿದ್ದ.

ಹೋದ ವರ್ಷ ಫೆಬ್ರವರಿಯಿಂದ ಆ ಡಬ್ಬಿಯನ್ನು ನೀಲಗಂಗವ್ವ ಎಳೆಯುತ್ತಾಳೆ. ಎತ್ತಿ ಹಿಡಿಯಲು ಅವಳ ಭುಜಕ್ಕೆ ಆಗುವುದಿಲ್ಲ. ಈಗ ತಮ್ಮದೂ ಗಡಗಡ ಎನ್ನುತ್ತದೆ.

ಆ ಮಂಗಳವಾರ, ಎರಡು ಸಾವಿರದ ಹದಿನೆಂಟರ ಸೆಪ್ಟೆಂಬರ್ ಕೊನೆ, ಅವಳು ಡಬ್ಬಿ ಇಟ್ಟು ಹಿಂದಿನ ಮೆಟ್ಟಿಲು ಇಳಿದು ಬಂದಾಗ ಹೇಮಶ್ರೀ ಅಡುಗೆ ಕಟ್ಟೆಯ ಬಳಿ ನಿಂತು ಒಂದು ಕಾಗದ ಓದುತ್ತಿದ್ದಳು. ತಿಪಟೂರಿನ ಕಡೆಯ ಹುಡುಗಿ. ಕಾಲೇಜಿಗೆಂದು ಈ ದೇಶಕ್ಕೆ ಬಂದವಳು ಬೇಸ್‌ಮೆಂಟಿನ ಇನ್ನೊಂದು ಕೋಣೆಯಲ್ಲಿ ಎರಡು ವರ್ಷದಿಂದ ಇದ್ದಾಳೆ. ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಶಿಫ್ಟು, ಮಧ್ಯಾಹ್ನ ಕ್ಲಾಸು. ಒಂದು ಕೈಯಲ್ಲಿ ಸುತ್ತಿದ ರೊಟ್ಟಿ, ಇನ್ನೊಂದರಲ್ಲಿ ಕಾಗದ.

"ಆಂಟಿ, ನಿನ್ನೆ ಮೇಲಿನ ಆಂಟಿ ಕೊಟ್ರಲ್ಲ, ಟ್ಯಾಕ್ಸ್ ಆಫೀಸಿಂದು, ಆ ಕವರ್ ಓಪನ್ ಮಾಡಿದೆ. ನೀವೇ ಹೇಳಿದ್ರಲ್ಲ ಮಾಡು ಅಂತ."

"ಏನಂತಾರ?"

ಹೇಮಶ್ರೀ ರೊಟ್ಟಿಯನ್ನು ತಟ್ಟೆಗಿಟ್ಟಳು. "ಅಂಕಲ್ ಯಾವ ಓಲ್ಡ್ ಏಜ್ ಹೋಮಲ್ಲಿ ಇದಾರೆ ಅಂತ ಕೇಳ್ತಿದಾರೆ."

ನೀಲಗಂಗವ್ವ ಕೈ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಲಿಲ್ಲ.

"ಯಾಕ್ ಹಂಗ್ ಕೇಳಿದಾರೆ ಗೊತ್ತಾ? ನೀವು ಫಾರ್ಮಲ್ಲಿ ಅಂಕಲ್ ಇಲ್ಲೇ ಇರ್ತಾರೆ ಅಂತ ಟಿಕ್ ಮಾಡಿದೀರ. ಅಡ್ರೆಸ್ ಬೇರೆ ಕೊಟ್ಟಿದೀರ. ಬರ್ಲಿಂಗ್ಟನ್ನು, ಯಾವುದೋ ಗಾರ್ಡನ್ಸು, ಸೆಕ್ಷನ್ ಸಿ, ಸಾಲು ಹದಿನಾಲ್ಕು, ಸಂಖ್ಯೆ ಒಂಬತ್ತು. ಅವ್ರು ಪಾಪ ಅದನ್ನ ರೂಮ್ ನಂಬರ್ ಅಂದ್ಕೊಂಡಿದಾರೆ." ಹುಡುಗಿ ನಗಲು ಬಾಯಿ ತೆರೆದಳು, ನಗು ಬರಲಿಲ್ಲ. "ಆಂಟಿ, ಇದು ಅಂಕಲ್ ಅವರ... ಅದಲ್ವಾ?"

"ಹೂಂ. ಅದ."

"ಯಾಕ್ ಆಂಟಿ ಹಂಗ್ ಬರದ್ರಿ?"

"ಕೇಳಿದ್ರಲ್ಲ, ನಿಮ್ಮ ಯಜಮಾನ್ರು ಇಲ್ಲೇ ಉಳೀತಾರೇನು ಅಂತ. ಉಳೀತಾರಲ್ಲ." ಅವಳು ನಲ್ಲಿ ನಿಲ್ಲಿಸಿದಳು. "ನಾ ಏನ್ ಅವರನ್ನ ಕಟಗೊಂಡು ಹೊಂಟೀನೇನು?"

ಆ ದೇಶ ಬಿಟ್ಟು ಹೋಗುವವರು ಸುಮ್ಮನೆ ಹೋಗುವಂತಿಲ್ಲ. ಇಂಥ ದಿನದಿಂದ ನಾನು ಇಲ್ಲಿ ವಾಸ ಇಲ್ಲ ಎಂದು ತೆರಿಗೆ ಕಚೇರಿಗೆ ಬರೆದು ತಿಳಿಸಬೇಕು. ಮನೆ ಬಿಟ್ಟೆ, ಆಸ್ಪತ್ರೆಯ ಕಾರ್ಡು ಒಪ್ಪಿಸಿದೆ, ಇಲ್ಲಿ ನನ್ನವರು ಎನ್ನುವವರು ಯಾರೂ ಉಳಿದಿಲ್ಲ ಎಂದು ಒಂದೊಂದಕ್ಕೂ ಚೌಕದಲ್ಲಿ ಗುರುತು ಹಾಕಬೇಕು. ಉಳಿದಿದ್ದರೆ ಹೋದ ಹಾಗೆ ಲೆಕ್ಕವಿಲ್ಲ. ಪೆನ್ಶನ್ ಕೊಡುವ ಕಚೇರಿ ಬೇರೆ; ಇಲ್ಲಿ ಮುಗಿದರೇ ಅಲ್ಲಿಂದ ಗಂಡನ ಪೆನ್ಶನ್ನಿನ ಅವಳ ಪಾಲು ಊರಿನ ವಿಳಾಸಕ್ಕೆ ಸೇರುವುದು. ಆಗಸ್ಟಿನಲ್ಲಿ ಹೇಮಶ್ರೀ ಪಕ್ಕದಲ್ಲಿ ಕೂತು ಎರಡು ಪುಟ ತುಂಬಿಸಿದ್ದಳು. ಮೂರನೆಯದು ಬರುವ ಹೊತ್ತಿಗೆ ಅವಳಿಗೆ ಶಿಫ್ಟಿಗೆ ತಡವಾಗಿತ್ತು. ಸಂಜೆ ಮಾಡೋಣ ಎಂದು ಓಡಿದ್ದಳು. ಮೂರನೆಯ ಪುಟದ ಮೊದಲ ಪ್ರಶ್ನೆಯೇ ಗಂಡನದು. ಆ ಪ್ರಶ್ನೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದುವುದು ನೀಲಗಂಗವ್ವನಿಗೆ ಬೇಡವಾಗಿತ್ತು. ತಾನೇ ಕೂತು ತುಂಬಿಸಿದಳು. ವಿಳಾಸ ಬರೆಯುವಾಗ, ಸ್ಮಶಾನದವರು ಕೊಟ್ಟಿದ್ದ ಸಮಾಧಿ ಕಲ್ಲಿನ ಚೀಟಿಯನ್ನು ಪರ್ಸಿನಿಂದ ತೆಗೆದು ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಬರೆದಳು. ಲಕೋಟೆ ಅಂಟಿಸಿ, ಬೀದಿ ಮೂಲೆಯ ಕೆಂಪು ಟಪಾಲು ಪೆಟ್ಟಿಗೆಗೆ ಹಾಕಿ ಬಂದಳು. ಸಂಜೆ ಹುಡುಗಿ ಕೇಳಿದಾಗ ಎಲ್ಲಾ ಮುಗೀತು ಎಂದಳು.

ಹದಿನೇಳು ವರ್ಷದಲ್ಲಿ ಅವಳು ಒಬ್ಬಳೇ ತುಂಬಿಸಿದ ಮೊದಲ ಫಾರ್ಮು ಅದು.

ಅಲ್ಲಿಯವರೆಗಿನದೆಲ್ಲ ಶಿವಲಿಂಗಪ್ಪನ ಕೈ ಬರಹ. ನವಲಗುಂದದವನು, ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಇಲ್ಲಿ ಓಕ್‌ವಿಲ್‌ನ ಕಾರು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಚಿಕ್ಕದೊಂದು ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದ. ಫಾರ್ಮು ಬಂತೆಂದರೆ ಕೈ ತೊಳೆದು ಕೂರುವವನು. ಅಕ್ಷರ ಗೆರೆ ತಪ್ಪಬಾರದೆಂದು ಕೆಳಗೆ ಮರದ ಫೂಟುಪಟ್ಟಿ ಇಟ್ಟುಕೊಂಡು ದೊಡ್ಡ ಅಕ್ಷರಗಳಲ್ಲಿ ಬರೆಯುವವನು. ನೀಲಗಂಗವ್ವ ಅಷ್ಟೊತ್ತು ಚಹಾ ಹಿಡಿದು ನಿಂತು, "ಅದೇನ್ ಲಗ್ನಪತ್ರಿಕಾ ಬರದಂಗ ಬರೀತೀರಿ" ಎಂದರೆ, ತಲೆ ಎತ್ತದೆ ಹೇಳುವವನು, "ಸರಕಾರ ಮುಖಾ ನೋಡಂಗಿಲ್ಲ ಮಾರಾಯ್ತಿ, ಅಕ್ಷರ ನೋಡ್ತೈತಿ. ಕೇಳಿದ್ದಕ್ಕ ಇದ್ದದ್ದು ಬರೀಬೇಕು. ಒಂದ ಸುಳ್ಳು ಬರದ್ರ ಆಮ್ಯಾಲ ಹತ್ತು ಕಾಗದದಾಗ ಅದನ್ನ ಸಾಕಬೇಕಾಗ್ತೈತಿ."

ಅವಳು ಇದ್ದದ್ದನ್ನೇ ಬರೆದಿದ್ದಳು.

ಅವಳ ದುಡಿಮೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ನಾಲ್ಕು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಒಗೆದು ಒಣಗಿದ ಚಾದರಗಳನ್ನು ಇಬ್ಬಿಬ್ಬರು ಹೆಂಗಸರು ಎರಡು ಕಡೆ ಹಿಡಿದು, ಹಿಂದೆ ಸರಿದು, ಮುಂದೆ ಬಂದು, ಮೂಲೆಗೆ ಮೂಲೆ ಕೂಡಿಸಿ ಮಡಚಬೇಕು. ಹನ್ನೊಂದು ವರ್ಷ ಹಾಗೆ ಹಿಂದೆ ಮುಂದೆ ನಡೆದಳು. ಬಲ ಭುಜ ಸೋತ ಮೇಲೆ ಬಿಡಿಸಿದರು. ಮನೆಯಲ್ಲೂ ಒಂದು ಚಾದರ ಮಡಚಬೇಕೆಂದರೆ ಅವಳಿಗೆ ಎದುರಿಗೊಬ್ಬರು ಬೇಕು. ಎದುರಿಗೆ ನಿಲ್ಲುತ್ತಿದ್ದವನು ಅವನೇ. ಮಡಚುವಾಗ ಬೇಕೆಂದೇ ಒಂದು ಮೂಲೆ ಬಿಟ್ಟು ಬೈಸಿಕೊಳ್ಳುತ್ತಿದ್ದ. ಮಕ್ಕಳಿರಲಿಲ್ಲ. ಅವರಿಬ್ಬರೇ.

ಅವನು ಹೋದದ್ದು ಫೆಬ್ರವರಿಯ ಒಂದು ಮಂಗಳವಾರ, ಡಬ್ಬಿ ಇಟ್ಟು ಬಂದು ಬೂಟಿನ ದಾರ ಬಿಚ್ಚಲು ಬಗ್ಗಿದವನು. ಅಂಬುಲೆನ್ಸಿನ ಹುಡುಗರು ಬಂದು ಬಹಳ ಹೊತ್ತು ಎದೆ ಒತ್ತಿದರು. ಅವಳು ಅವನ ಒಂದು ಬೂಟು ಹಿಡಿದುಕೊಂಡು ನಿಂತಿದ್ದಳು.

ಅಂದು ಸಂಜೆ ಕನ್ನಡ ಸಂಘದ ಹತ್ತು ಜನ ಬೇಸ್‌ಮೆಂಟಿನಲ್ಲಿ ನಿಂತರು. ಸಂಘದ ಹಿರಿಯ ರಾಮಮೂರ್ತಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ನೋಡಮ್ಮ, ಇಲ್ಲಿ ಎಲ್ಲರೂ ಕರೆಂಟಿನ ಒಲೆಗೇ ಕೊಡ್ತಾರೆ. ಬೂದಿಯಾದ್ರೆ ನಾಳೆ ನೀವು ಊರಿಗೆ ಹೋಗುವಾಗ ಜೊತೆಗೆ ತಗೊಂಡು ಹೋಗ್ಬಹುದು. ಮಣ್ಣು ಮಾಡಿದ್ರೆ ಅವರು ಇಲ್ಲೇ ಉಳ್ಕೋತಾರೆ. ಯೋಚ್ನೆ ಮಾಡಿ."

"ನಮ್ಮ ಮನಿತನದಾಗ ಸುಡೂದಿಲ್ರಿ" ಎಂದಿದ್ದಳು ನೀಲಗಂಗವ್ವ. ಯೋಚನೆ ಮಾಡುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಲಿಂಗ ಕಟ್ಟಿಕೊಂಡ ಮೈಯನ್ನು ಬೆಂಕಿಗೆ ಕೊಡುವುದು ಅವಳ ಕಡೆಯಲ್ಲಿ ಕೇಳಿದ್ದೇ ಇಲ್ಲ. ಮಣ್ಣಿಗೇ ಕೊಡಬೇಕು, ಕೂರಿಸಿ ಕೊಡಬೇಕು. ಕೂರಿಸುವುದಕ್ಕೆ ಬರ್ಲಿಂಗ್ಟನ್ನಿನ ಸ್ಮಶಾನದವರು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಲೇಬೇಕು ಎಂದು ಬಹಳ ಮೆತ್ತಗೆ ಹೇಳಿದರು. ಅದಕ್ಕೆ ಅವಳು ಆಗಲಿ ಎಂದು ತಲೆಯಾಡಿಸಿದಳು. ಪಕ್ಕದ ಜಾಗವೂ ನಿಮ್ಮ ಹೆಸರಿಗೆ ಇಡಬೇಕೇ ಎಂದು ಕೇಳಿದರು. ಅದಕ್ಕೂ ತಲೆಯಾಡಿಸಿದಳು.

ಸಂಸ್ಕಾರ ಮಾಡಿದ್ದು ನಿಜಗುಣ. ಬೈಲಹೊಂಗಲದ ಜಂಗಮರ ಮನೆಯವನು, ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ವಯಸ್ಸು ನಲವತ್ತೈದಾದರೂ ಊರ ಕಡೆಯವರಿಗೆಲ್ಲ ಅವನು ಅಯ್ಯಾರು. ಆ ದಿನ ಹಿಮ ಮೊಣಕಾಲುದ್ದ ಬಿದ್ದಿತ್ತು. ಯಂತ್ರ ತಂದು ಅಗೆದ ಮಣ್ಣು ಹೆಂಟೆ ಹೆಂಟೆಯಾಗಿ ಕಲ್ಲಿನಂತೆ ಬಿದ್ದಿತ್ತು. ಎಡಗೈಯಲ್ಲಿ ಲಿಂಗ ಇಟ್ಟು, ಹಣೆಗೆ ವಿಭೂತಿ ಬಳಿದು, ಊರಿನಿಂದ ಟಪಾಲಿನಲ್ಲಿ ಬಂದಿದ್ದ ಒಣ ಬಿಲ್ವಪತ್ರೆ ಎದೆ ತುಂಬ ಹರಡಿ ಪೆಟ್ಟಿಗೆ ಮುಚ್ಚಿಯಾಗಿತ್ತು. ಇನ್ನು ಹೋದವರ ತಲೆಗೆ ಅಯ್ಯನ ಪಾದ ತಾಗಬೇಕು. ನಿಜಗುಣ ಹಿಮದಲ್ಲಿ ಕೂತು ಬೂಟು ಬಿಚ್ಚಿದ. ಎರಡು ಜೊತೆ ಸಾಕ್ಸು ಬಿಚ್ಚಿದ. ಕಪ್ಪು ಕೋಟಿನ ಸ್ಮಶಾನದವರು ಏನು ನಡೆಯುತ್ತಿದೆ ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಬರಿಗಾಲನ್ನು ಪೆಟ್ಟಿಗೆಯ ತಲೆಯ ಭಾಗಕ್ಕೆ ತಾಗಿಸಿ ನಿಂತು ಅವನು ಮಂತ್ರ ಹೇಳಿದ. ಪಾದ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು.

ಎಲ್ಲ ಮುಗಿದು ಜನ ಕಾರುಗಳತ್ತ ಹೊರಟರೂ ನೀಲಗಂಗವ್ವ ಏಳಲಿಲ್ಲ. ನಿಜಗುಣ ಬಂದು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತ. "ಏಳ್ರಿ ಅಕ್ಕಾರ. ಎಲ್ಲೂ ಹೋಗಿಲ್ರಿ ಅವರು. ಇಲ್ಲೇ ಅದಾರ."

ಅವಳು ಎದ್ದದ್ದು ಆ ಮಾತಿಗೆ. ಆಮೇಲಿನ ಒಂದೂವರೆ ವರ್ಷ ಎದ್ದದ್ದೂ ಅದೇ ಮಾತಿಗೆ. ಪ್ರತಿ ಸೋಮವಾರ ಬಸ್ಸು ಹಿಡಿದು, ರೈಲು ಹಿಡಿದು ಬರ್ಲಿಂಗ್ಟನ್ನಿಗೆ ಹೋಗುತ್ತಿದ್ದಳು. ವಾರದ ಸುದ್ದಿಯೆಲ್ಲ ಹೇಳಿ, ಏಳುವಾಗ ಬರ್ತೀನ್ರಿ ಎಂದು ಹೇಳಿ ಬರುತ್ತಿದ್ದಳು.

ಹೊರಡಬೇಕಾಗಿ ಬಂದದ್ದು ತಂಗಿಯ ಮಾತಿಗೆ. ತಂಗಿ ದಾನವ್ವ ಧಾರವಾಡದ ಕೋರ್ಟಿನ ಹಿಂದೆ ಖಾನಾವಳಿ ನಡೆಸುತ್ತಾಳೆ. ಅವಳ ಗಂಡನೂ ಹೋಗಿ ಬಹಳ ವರ್ಷ. ಈ ಬೇಸಿಗೆಯಲ್ಲಿ ಅವಳಿಗೆ ಬೆನ್ನಿನ ಆಪರೇಶನ್ ಆಯಿತು. ಫೋನಿನಲ್ಲಿ ಅತ್ತಳು. "ಯಕ್ಕಾ, ನೀ ರೊಟ್ಟಿ ಬಡೀಬ್ಯಾಡ, ಪಲ್ಯೆ ಮಾಡಬ್ಯಾಡ. ಗಲ್ಲಾದ ಮ್ಯಾಲ ಸುಮ್ಮನ ಕುಂದ್ರು. ನಾ ಒಳಗಿಂದ 'ಯಕ್ಕಾ' ಅಂದ್ರ 'ಓ' ಅನ್ನಾಕ ಒಂದು ದನಿ ಇರಲಿ." ಬೇಸ್‌ಮೆಂಟಿನಲ್ಲಿ 'ಓ' ಎನ್ನುವ ದನಿ ನೀಲಗಂಗವ್ವನಿಗೂ ಇರಲಿಲ್ಲ. ಹೇಮಶ್ರೀಯ ಓದು ಡಿಸೆಂಬರಿಗೆ ಮುಗಿಯುತ್ತದೆ, ಮಾಲೀಕರು ಮನೆ ಮಾರುವ ಮಾತಾಡುತ್ತಿದ್ದಾರೆ. ಅಕ್ಟೋಬರ್ ಹದಿನಾಲ್ಕಕ್ಕೆ ಟಿಕೆಟ್ಟು ಮಾಡಿಸಿದ್ದಾಯಿತು.

ಈಗ ಈ ಕಾಗದ.

"ಈಜಿ ಆಂಟಿ" ಎಂದಳು ಹೇಮಶ್ರೀ. "ಹೊಸ ಫಾರ್ಮು ಇದರಲ್ಲೇ ಇಟ್ಟಿದಾರೆ. ಅಲ್ಲಿ ಇಲ್ಲ ಅಂತ ಟಿಕ್ ಮಾಡಿ, ಡೇಟ್ ಬರದು, ಡೆತ್ ಸರ್ಟಿಫಿಕೇಟಿನ ಕಾಪಿ ಇಟ್ರೆ ಆಯ್ತು. ಒಂದು ಟಿಕ್ಕು ಅಷ್ಟೇ. ಪೆನ್ ತರ್ಲಾ?"

"ಇರ್ಲಿ. ನಿನಗ ತಡ ಆಗ್ತೈತಿ, ಹೋಗವ್ವ."

"ಆಂಟಿ, ಹೋದ್ಸಲನೂ ಹಿಂಗೇ ಅಂದ್ರಿ ನೀವು."

"ಈ ಸಲ ನಿನ್ನ ಬಿಟ್ಟು ಪೆನ್ನ ಮುಟ್ಟಂಗಿಲ್ಲ. ಆತಿಲ್ಲೊ? ನಡಿ."

ಆ ದಿನ ಮಧ್ಯಾಹ್ನವೇ ಆಸ್ಪತ್ರೆಯ ಕಾರ್ಡು ಒಪ್ಪಿಸುವ ಕೆಲಸವಿತ್ತು. ನಿಜಗುಣ ಎರಡು ಬಾಡಿಗೆಗಳ ನಡುವೆ ಬಿಡುವು ಮಾಡಿಕೊಂಡು ಟ್ಯಾಕ್ಸಿ ತಂದಿದ್ದ. ಕೌಂಟರಿನ ಆಚೆ ಕೂತ ಹೆಂಗಸು ಕಾರ್ಡು ತೆಗೆದುಕೊಂಡು, ಒಮ್ಮೆ ಅದರ ಮೇಲಿನ ಮುಖವನ್ನೂ ಒಮ್ಮೆ ಎದುರಿನ ಮುಖವನ್ನೂ ನೋಡಿ, ಪೂರ್ತಿ ಹೋಗುತ್ತಿದ್ದೀರಾ ಎಂದು ಕೇಳಿದಳು. ನೀಲಗಂಗವ್ವನಿಗೆ ಪ್ರಶ್ನೆ ತಿಳಿಯಿತು. ಉತ್ತರ ಬಾಯಿಗೆ ಬರಲಿಲ್ಲ. ಮನೆಯಿಂದ ಹೊರಡುವವರು ಹೋಗ್ತೀನಿ ಎನ್ನಬಾರದು. ಬಾಗಿಲಿಗೆ ಬಂದ ಭಿಕ್ಷುಕನೂ ಬರ್ತೀನ್ರವ್ವಾ ಎಂದೇ ಹೋಗುತ್ತಾನೆ. ಅವ್ವ, ಅಜ್ಜಿ, ಯಾರೂ ಅವಳಿಗೆ ಆ ಮಾತನ್ನು ಬಾಯಿಬಿಟ್ಟು ಆಡುವುದನ್ನು ಕಲಿಸಿರಲಿಲ್ಲ.

"ಯೆಸ್, ಯೆಸ್" ಎಂದ ನಿಜಗುಣ, ಹಿಂದಿನಿಂದ.

ಹೆಂಗಸು ಕಾರ್ಡನ್ನು ಡ್ರಾವರಿಗೆ ಹಾಕಿ ಮುಚ್ಚಿದಳು. ಒಂದು ಚೀಟಿ ಕೊಟ್ಟು ಶುಭವಾಗಲಿ ಎಂದಳು.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ನೀಲಗಂಗವ್ವ ಹಿಂದಿನ ಸೀಟಿನಲ್ಲಿ ಕಾಗದ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅಯ್ಯಾರ, ಒಂದು ಕೇಳ್ತೀನಿ. ಖರೇ ಹೇಳಬೇಕು."

"ಕೇಳ್ರಿ ಅಕ್ಕಾರ."

"ಅವತ್ತ ನೀವ ಹೇಳಿದ್ರಿ, ಎಲ್ಲೂ ಹೋಗಿಲ್ಲ, ಇಲ್ಲೇ ಅದಾರ ಅಂತ."

"ಹೂಂ."

"ಈಗ ಈ ಸರಕಾರದವರಿಗೆ ಇಲ್ಲ ಅಂತ ಬರೀಬೇಕಂತ. ಯಾವುದು ಖರೇ?"

ನಿಜಗುಣ ಕನ್ನಡಿಯಲ್ಲಿ ಅವಳನ್ನು ನೋಡಿದ. ಅವನಿಗೆ ಶಾಸ್ತ್ರದ ಮಾತು ಬರುತ್ತಿತ್ತು. ಲಿಂಗದೊಳಗೆ ಒಂದಾದವನಿಗೆ ಇಲ್ಲಿ ಅಲ್ಲಿ ಎಂಬುದಿಲ್ಲ ಎಂದು ಹೇಳಬಹುದಿತ್ತು. ಅವಳ ಮುಖ ನೋಡಿ ಅದನ್ನು ಹೇಳಲಿಲ್ಲ.

"ಅಕ್ಕಾರ, ನಾ ಎಲ್ಲಾರಿಗೂ ಹಂಗ ಹೇಳ್ತೀನ್ರಿ."

ತಿರುವಿನ ದೀಪ ಟಕ್, ಟಕ್ ಎನ್ನುತ್ತಿತ್ತು.

"ಎಲ್ಲಾರಿಗೂ?"

"ಎಲ್ಲಾರಿಗೂ ರೀ. ನಮ್ಮಪ್ಪನೂ ಹಂಗ ಹೇಳ್ತಿದ್ದ."

"ಹಂಗಂದ್ರ ಅದು ಸುಳ್ಳೇನ್ರಿ?"

"ಸುಳ್ಳಲ್ರಿ." ಹಸಿರು ದೀಪ ಬಂತು. ಹಿಂದಿನ ಕಾರಿನವನು ಹಾರ್ನು ಒತ್ತುವವರೆಗೂ ನಿಜಗುಣ ಕಾರು ಬಿಡಲಿಲ್ಲ. "ಹಂಗ ಹೇಳದಿದ್ರ ಮಂದಿ ಅಲ್ಲಿಂದ ಏಳೂದಿಲ್ರಿ, ಅಕ್ಕಾರ."

ಮನೆಯ ಮುಂದೆ ಇಳಿಯುವಾಗ ಅವಳು ಎಂದಿನಂತೆ ಬಗ್ಗಿ ಅವನಿಗೆ ಶರಣು ಮಾಡಿದಳು. ಅವನು ಎಂದಿನಂತೆ ಬ್ಯಾಡ್ರಿ ಬ್ಯಾಡ್ರಿ ಎಂದು ಕಾಲು ಹಿಂದೆಳೆದುಕೊಂಡ.

ಹತ್ತು ದಿನ ಫಾರ್ಮು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತ ಅಂಟಿಸಿಕೊಂಡು ನಿಂತಿತು. ನೀಲಗಂಗವ್ವ ಸೂಟ್‌ಕೇಸಿಗೆ ಬಟ್ಟೆ ತುಂಬಿದಳು. ಅಡುಗೆ ಪಾತ್ರೆಗಳನ್ನು ಹೇಮಶ್ರೀಗೂ, ದಪ್ಪ ಕೋಟುಗಳನ್ನು ಗುರುದ್ವಾರಕ್ಕೂ ಕೊಟ್ಟಳು. ಶಿವಲಿಂಗಪ್ಪನ ಬೂಟು ಯಾರಿಗೂ ಕೊಡಲಿಲ್ಲ. ದಿನವೂ ಹೇಮಶ್ರೀ ಶಿಫ್ಟಿನಿಂದ ಬಂದು ಫ್ರಿಜ್ಜು ತೆರೆಯುವಾಗ ಕಾಗದ ನೋಡುತ್ತಿದ್ದಳು, ಆಮೇಲೆ ಆಂಟಿಯನ್ನು ನೋಡುತ್ತಿದ್ದಳು. ಶನಿವಾರ ತಡೆಯಲಾರದೆ ಕೇಳಿದಳು.

"ಆಂಟಿ, ನೀವು ಹೋದ್ಮೇಲೆ ಇದನ್ನ ಯಾರು ಕಳಿಸ್ತಾರೆ? ಬೇಕಾದ್ರೆ ನಾನೇ ಟಿಕ್ ಮಾಡ್ತೀನಿ, ನೀವು ಸೈನ್ ಹಾಕಿ ಸಾಕು."

"ನಾ ಸೈನ್ ಹಾಕಿದ್ರ ನಾ ಹೇಳಿದಂಗ ಆತಲ್ಲ."

"ಏನ್ ಹೇಳ್ದಂಗೆ?"

ಚಾದರವೊಂದನ್ನು ಎದೆಗೆ ಒತ್ತಿಕೊಂಡು ನೀಲಗಂಗವ್ವ ನಿಂತಿದ್ದಳು. "ನೋಡ ಹೇಮಾ. ನಾಳೆ ನಾ ಹೊಂಟ್ನಿ ಅಂದ್ರ, ಅವರು ಇಲ್ಲಿ ಅದಾರ ಅನ್ನೂದು ಯಾರಿಗೆ ಗೊತ್ತಿರತೈತಿ? ನಿನಗ, ಅಯ್ಯಾರಿಗೆ. ನೀನೂ ಎಲ್ಲೆರ ಹೋಗ್ತಿ. ಈ ಊರಿನ ಕಾಗದದಾಗ ಒಂದರಾಗರ ಅವರ ಹೆಸರು ಇರ್ಲಿ ಅಂತ ಇತ್ತು ನನಗ. ಈಗ ಅದನ್ನೂ ನನ್ನ ಕೈಲೆ ಹೊಡದ ಹಾಕಸ್ತಾರ."

ಹುಡುಗಿ ಬಂದು ಚಾದರದ ಇನ್ನೆರಡು ಮೂಲೆ ಹಿಡಿದಳು. ಇಬ್ಬರೂ ಹಿಂದೆ ಸರಿದು, ಮುಂದೆ ಬಂದು, ಮೂಲೆಗೆ ಮೂಲೆ ಕೂಡಿಸಿದರು.

"ಸೋಮವಾರ ಹೋಗ್ತೀರಲ್ಲ ಅಲ್ಲಿಗೆ" ಎಂದಳು ಹೇಮಶ್ರೀ. "ನಂಗೂ ರಜ. ನಾನೂ ಬರ್ಲಾ?"

"ಬಾ. ಸೋಮವಾರ, ಮ್ಯಾಲ ಅಮಾಸಿ. ಫಾರ್ಮೂ ತಗೊಂಡು ಬಾ."

ಆ ಸೋಮವಾರ ಅಲ್ಲಿಯವರಿಗೆ ಸುಗ್ಗಿಯ ಹಬ್ಬದ ರಜೆ. ರೈಲಿನಲ್ಲಿ ಜನ ಕಡಿಮೆ. ಓಕ್‌ವಿಲ್ ಹತ್ತಿರ ಬರುವಾಗ ಕಾರು ಕಾರ್ಖಾನೆಯ ಉದ್ದನೆಯ ಚಾವಣಿ ಕಾಣಿಸಿತು. ನೀಲಗಂಗವ್ವ ಪ್ರತಿ ವಾರದಂತೆ ಅದರ ಆಚೆ ಬದಿಯ ಚಿಕ್ಕ ಕಟ್ಟಡ ಕಂಡೀತೇ ಎಂದು ಕುತ್ತಿಗೆ ಚಾಚಿದಳು. ಪ್ರತಿ ವಾರದಂತೆ ಕಾಣಲಿಲ್ಲ. "ಅಲ್ಲಿ" ಎಂದು ಬೆರಳು ತೋರಿಸಿದಳು. ಹೇಮಶ್ರೀ ಕಂಡವಳ ಹಾಗೆ ತಲೆಯಾಡಿಸಿದಳು.

ಸ್ಮಶಾನದಲ್ಲಿ ಮೇಪಲ್ ಎಲೆಗಳು ಕೆಂಪಾಗಿ ಉದುರಿದ್ದವು. ಹಬ್ಬಕ್ಕೆಂದು ಕೆಲವರು ಸಮಾಧಿಗಳ ಮೇಲೆ ಪುಟ್ಟ ಕುಂಬಳಕಾಯಿ ಇಟ್ಟು ಹೋಗಿದ್ದರು. ಸಾಲು ಹದಿನಾಲ್ಕು ಬೇಲಿಯ ಹತ್ತಿರ. ಹುಲ್ಲು ಕತ್ತರಿಸುವ ಯಂತ್ರ ಹಾಯಲೆಂದು ಕಲ್ಲುಗಳನ್ನೆಲ್ಲ ನೆಲದ ಮಟ್ಟಕ್ಕೆ ಕೂರಿಸಿದ್ದಾರೆ. ಬಗ್ಗಿ ನೋಡದ ಹೊರತು ಯಾರ ಹೆಸರೂ ಕಾಣುವುದಿಲ್ಲ. ಒಂಬತ್ತರ ಪಕ್ಕದ ಹತ್ತರಲ್ಲಿ ಕಲ್ಲಿಲ್ಲ, ಬರೀ ಹುಲ್ಲು. ಅಷ್ಟು ಜಾಗವನ್ನು ಹೇಮಶ್ರೀ ತಿಳಿಯದೆ ತುಳಿದು ನಿಂತಿದ್ದಳು. ತಿಳಿದ ಕೂಡಲೇ ಕಾಲು ಎತ್ತಿದಳು.

"ನಿಂದ್ರು, ನಿಂದ್ರು. ಅದು ನಂದ" ಎಂದಳು ನೀಲಗಂಗವ್ವ. "ಖಾಲಿ ಐತಿ."

ಮೊಣಕಾಲು ಊರಿ, ಬಾಟಲಿಯ ನೀರಿನಿಂದ ಕಲ್ಲು ತೊಳೆದು, ಸೆರಗಿನಿಂದ ಒರೆಸಿ ಮೂರು ಬೆರಳಿನಲ್ಲಿ ವಿಭೂತಿ ಎಳೆದಳು. ದಾನವ್ವ ಕಳಿಸಿದ್ದ ಒಣ ಪತ್ರೆಯಲ್ಲಿ ಕೊನೆಯ ಮೂರು ಉಳಿದಿದ್ದವು. ಮೂರನ್ನೂ ಕಲ್ಲಿನ ಒಂದು ಅಂಚಿಗೆ ಇಟ್ಟು ಗಾಳಿಗೆ ಹಾರದಂತೆ ಒಂದು ಬೆಣಚುಕಲ್ಲು ಇಟ್ಟಳು. ಆಮೇಲೆ ಚೀಲದಿಂದ ಮರದ ಫೂಟುಪಟ್ಟಿ ತೆಗೆದಳು. ಅಂಚು ಸವೆದು, ನಡುವೆ ಮಸಿಯ ಕಲೆ ಕೂತ ಹಳೆಯ ಪಟ್ಟಿ.

"ಕಾಗದ ಕೊಡು."

"ಇಲ್ಲೇನಾ ಆಂಟಿ?"

"ಫಾರ್ಮು ತುಂಬೂದು ಅವರ ಕೆಲಸ. ನಾ ಅವರಿಗೆ ಕೇಳದ ತುಂಬಿ ಒಂದ್ಸಲ ತಪ್ಪ ಮಾಡೀನಿ."

ಕಲ್ಲಿನ ಮೇಲೆ ಕಾಗದ ಹರಡಿ, ಗೆರೆಯ ಕೆಳಗೆ ಪಟ್ಟಿ ಇಟ್ಟಳು. ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳು ಕಾಗದದಡಿಯಲ್ಲಿ ಉಬ್ಬುತಗ್ಗಾಗಿ ಬೆರಳಿಗೆ ಸಿಗುತ್ತಿದ್ದವು. ಹೇಮಶ್ರೀ ಪ್ರಶ್ನೆ ಓದಲು ಬಾಯಿ ತೆರೆದಳು. ನೀಲಗಂಗವ್ವ ಕೈ ಎತ್ತಿ ತಡೆದಳು. ತಾನೇ, ತುಟಿ ಅಲ್ಲಾಡಿಸುತ್ತ, ಒಂದೊಂದು ಪದಕ್ಕೂ ನಿಂತು ಓದಿದಳು. ಓದಿ ಮುಗಿದ ಮೇಲೆ ಯಾರೋ ಉತ್ತರ ಹೇಳುವವರಿದ್ದಾರೆ ಎನ್ನುವಂತೆ ಕಲ್ಲಿನತ್ತ ಕಿವಿಗೊಟ್ಟಳು. ಬೇಲಿಯಾಚೆ ಒಂದು ಲಾರಿ ಹೋಯಿತು. ಬೆಣಚುಕಲ್ಲಿನ ಕೆಳಗೆ ಒಂದು ಪತ್ರೆ ಅಲುಗಿತು.

ಇಲ್ಲ ಎನ್ನುವ ಚೌಕದಲ್ಲಿ ಪೆನ್ನು ಊರಿ ಗುರುತು ಹಾಕಿದಳು. ಪೆನ್ನಿನ ಮೊನೆ ಕೆಳಗಿನ ಕೆತ್ತನೆಯ ತಗ್ಗಿಗೆ ಸಿಕ್ಕು ಕಾಗದ ಚೂರು ತೂತಾಯಿತು.

"ಪರ್ವಾಗಿಲ್ಲ, ಕಾಣುತ್ತೆ" ಎಂದಳು ಹೇಮಶ್ರೀ.

ದಿನಾಂಕ ಬರೆದಳು. ಇನ್ನೂ ಒಂದು ಪ್ರಶ್ನೆಯ ಮೇಲೆ ಪೆನ್ನು ನಿಂತಿತು. ಇಲ್ಲಿ ನಿಮ್ಮ ಹೆಸರಿನಲ್ಲಿ ಮನೆ, ಜಾಗ ಏನಾದರೂ ಉಳಿಯುತ್ತದೆಯೇ?

"ಅದಕ್ಕೆ ನೋ ಆಂಟಿ. ನಿಮ್ಮ ಹೆಸರಲ್ಲಿ ಇಲ್ಲಿ ಏನಿದೆ" ಎಂದಳು ಹುಡುಗಿ. ಎಂದ ಮೇಲೆ ತಾನು ನಿಂತ ಹುಲ್ಲನ್ನು ನೋಡಿಕೊಂಡಳು.

ನೀಲಗಂಗವ್ವನೂ ಆ ಹುಲ್ಲನ್ನು ನೋಡಿದಳು. ಮೂರು ಅಡಿ ಅಗಲ, ಎಂಟು ಅಡಿ ಉದ್ದ. "ಇಲ್ಲೆ ಒಂದ್ ಸುಳ್ಳ ಬರೀತೀನ್ರಿ" ಎಂದಳು, ಹೇಮಶ್ರೀಗಲ್ಲ. "ಸಾಕೂದಿದ್ರ ಸಾಕ್ತೀನಿ." ಗುರುತು ಹಾಕಿ, ಕೊನೆಯ ಗೆರೆಯ ಮೇಲೆ ಪಟ್ಟಿ ಸರಿಸಿ, ಸಹಿ ಮಾಡಿದಳು. ಅಕ್ಷರ ಒಂದೂ ಗೆರೆ ತಪ್ಪಲಿಲ್ಲ.

ಏಳುವಾಗ ಹುಡುಗಿಯ ಹೆಗಲು ಹಿಡಿಯಬೇಕಾಯಿತು. ಮರಣಪತ್ರದ ಪ್ರತಿ ಇಟ್ಟು, ಲಕೋಟೆಯ ಅಂಚನ್ನು ಹೇಮಶ್ರೀ ಅಂಟಿಸಿದಳು. ಬಸ್ಸಿಗೆ ಹೊತ್ತಾಗಿತ್ತು. ರಜೆಯ ದಿನ ಒಂದು ತಪ್ಪಿದರೆ ಇನ್ನೊಂದು ಗಂಟೆ. ಇಬ್ಬರೂ ಬೇಗ ಬೇಗ ಎಲೆಗಳ ಮೇಲೆ ನಡೆದು ಗೇಟು ದಾಟಿದರು. ರಸ್ತೆಯ ಬದಿಯಲ್ಲೇ ಕೆಂಪು ಟಪಾಲು ಪೆಟ್ಟಿಗೆ. ನೀಲಗಂಗವ್ವ 'ನಾ ಹಾಕ್ತೀನಿ' ಎಂದು ಲಕೋಟೆ ಇಸಿದುಕೊಂಡಳು. ಬಾಯಿ ತೆರೆದು ಒಳಗೆ ಇಟ್ಟು, ಬಿಟ್ಟಳು. ತಗಡಿನ ಮುಚ್ಚಳ ಬಿದ್ದ ಸದ್ದಾಯಿತು. ಕೈ ಇನ್ನೂ ಹಿಡಿಕೆಯ ಮೇಲೆಯೇ ಇತ್ತು. ಇನ್ನೊಮ್ಮೆ ತೆರೆದು ನೋಡಿದಳು. ಹೋಗಿತ್ತು.

"ಆಂಟಿ, ಬಸ್ಸು. ಅಲ್ನೋಡಿ, ಸಿಗ್ನಲ್ ಹತ್ರ ಬಂತು."

ಬಸ್ ನಿಲ್ದಾಣದತ್ತ ನಾಲ್ಕು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು.

"ಏನಾಯ್ತು? ಸ್ಕೇಲು ಬಿಟ್ಟು ಬಂದ್ರಾ?"

"ಸುಮ್ಮನ ಎದ್ದು ಬಂದೆ, ಹೇಮಾ. ಗಡಿಬಿಡಿಯಾಗ. ಪ್ರತಿ ವಾರ ಹೇಳ್ತಿದ್ದೆ, ಇವತ್ತ ಹೇಳಲೇ ಇಲ್ಲ."

"ಏನು ಹೇಳ್ಲಿಲ್ಲ?"

"ಅದು ಈಗ ಹೆಂಗ ಹೇಳ್ಬೇಕೋ ನನಗ ತಿಳೀವಲ್ದು. ನೀ ಬಸ್ ನಿಂದರ್ಸು. ನಿಂದರ್ಲಿಲ್ಲಂದ್ರ ಹೋಗ್ಲಿ ಬಿಡು, ನಾ ಅವರಿಗೆ ಒಂದ ಮಾತು, ಒಂದ, ಹೋಗಿ" ಎನ್ನುತ್ತಲೇ ಅವಳು ತಿರುಗಿದ್ದಳು, ಸೆರಗನ್ನು ಕೋಟಿನೊಳಗೆ ಸಿಕ್ಕಿಸಿಕೊಳ್ಳುತ್ತ, ನೋಯುವ ಮೊಣಕಾಲನ್ನು ಎಳೆದು ಹಾಕುತ್ತ, ಗೇಟಿನೊಳಗೆ, ಕೆಂಪು ಎಲೆಗಳ ಮೇಲೆ, ಸಾಲು ಹದಿನಾಲ್ಕರ ಕಡೆಗೆ